ಅಪ್ಪನ ಮಣೆಯ ನಾಲ್ಕು ತುಂಡು

ನಗಬೇಡಿ ಮಾರಾಯ್ರೆ, ಅಪ್ಪ ಊಟಕ್ಕೆ ಕೂರುತ್ತಿದ್ದ ಹಲಸಿನ ಮಣೆಯನ್ನು ಇವತ್ತು ಕೈಯಾರೆ ಹಾಳು ಮಾಡಿದೆ. ಅಪ್ಪ ತೀರಿಹೋದ ಮೇಲೆ ಅದು ಮಂಚದಡಿ ಬಿದ್ದಿತ್ತು. "ಇದರಲ್ಲಿ ನನ್ನ ಕನ್ನಡಕಕ್ಕೆ ಒಂದು ಪೆಟ್ಟಿಗೆ ಮಾಡಿ ಕೊಡು ಮಗಾ" ಎಂದಿದ್ದರು ಅಮ್ಮ.

ಬೆಳಿಗ್ಗೆ ಮಣೆಯನ್ನು ಅಂಗೈಯಗಲದ ನಾಲ್ಕು ತುಂಡು ಮಾಡಿದೆ. ಆಮೇಲೆ ಮೂಲೆಗಳು ಒಂದಕ್ಕೊಂದು ಕೂರುವಂತೆ ಹಲ್ಲು ಕೊರೆಯಲು, ಮರದಲ್ಲಿ ಗಾಡಿ ತೋಡುವ ರೂಟರ್ ಮೆಷಿನ್ ಹಿಡಿದೆ. ಅಷ್ಟು ಸಣ್ಣ ತುಂಡಿನ ಮೇಲೆ ಮೆಷಿನ್ ವಾಲಿ ಅಂಚನ್ನೇ ತಿಂದುಹಾಕಿತು. ನಾಲ್ಕರದ್ದೂ ಅದೇ ಗತಿ. ಮೊದಲನೆಯದರಲ್ಲೇ ನಿಲ್ಲಿಸುವ ಬುದ್ಧಿ ನನಗೆಲ್ಲಿ?

ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಕಂಕನಾಡಿಯ ಆಚಾರಿ ವಾಸಣ್ಣನ ಬಳಿ ಓಡಿದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು.

"ಎಂತ ಮಾರಾಯ್ರೆ, ಹಲಗೆ ಇಡೀ ಇರುವಾಗಲೇ ಹಲ್ಲು ಕೊರೆಯಬೇಕು, ತುಂಡು ಮಾಡುವುದು ಮತ್ತೆ. ಮೆಷಿನಿಗೆ ಕೂತುಕೊಳ್ಳಲಿಕ್ಕೆ ಜಾಗ ಬೇಡವಾ?"

"ಇನ್ನು ಎಂತ ಮಾಡ್ಲಿಕ್ಕೆ ಆಗ್ತದೆ?"

"ಬೇರೆ ಹಲಗೆ ಉಂಟಾ?"

ಹಲಗೆ ಊರು ತುಂಬಾ ಸಿಗುತ್ತದೆ. ಅಪ್ಪ ಕೂರುತ್ತಿದ್ದುದು ಇದರ ಮೇಲೆ.

ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ. "ಆಯ್ತಾ ಪೆಟ್ಟಿಗೆ?"

"ಅಂಟು ಒಣಗಲಿಕ್ಕೆ ಉಂಟು ಅಮ್ಮ" ಎಂದೆ.

ಇವತ್ತು ನನ್ನ ಕೆಲಸದಲ್ಲಿ ಸಂದು ಬಿಡದೆ ಸರಿಯಾಗಿ ಕೂತದ್ದು ಆ ಸುಳ್ಳು ಒಂದೇ.