ನಸೀಮಾ ಅಪಾ ಇನ್ನೂ ನೀರು ಹಾಕಿಲ್ಲ

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಫೋನು ‘ಡಣ್’ ಎಂದಿತು. ಆ ಸದ್ದಿನ ಗುರುತು ನಿಮಗಿಲ್ಲದಿದ್ದರೆ ನೀವು ಪುಣ್ಯವಂತರು. ನಾನು ಆಡುವ ಹೊಲದ ಆಟದಲ್ಲಿ ಹೊಸ ಈವೆಂಟ್ ಶುರುವಾಗಿದೆ ಎಂದು ಅದರ ಅರ್ಥ. ಈವೆಂಟ್ ಅಂದರೆ ಗಡುವಿನ ಕೆಲಸ. ಅವರು ಹೇಳಿದ ಬೆಳೆಯನ್ನು ಅವರು ಹೇಳಿದ ದಿನದೊಳಗೆ ಬೆಳೆದು, ಕೊಯ್ದು ಒಪ್ಪಿಸಿದರೆ ಮತ್ತೆಂದೂ ಸಿಗದ ಒಂದು ಬಹುಮಾನ. ಹೊತ್ತು ಮೀರಿತೋ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋನು ಎತ್ತಿಕೊಂಡೆ. ಪರದೆಯ ಮೂಲೆಯಲ್ಲಿ ಕೆಂಪು ಗಡಿಯಾರ ಆಗಲೇ ಹಿಂದಕ್ಕೆ ಓಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಆದರೆ ನನ್ನ ಜೀವ ಚಡಪಡಿಸಿದ್ದು ಆ ಗಡಿಯಾರಕ್ಕಲ್ಲ. ದಿನಾ ಆಟ ತೆರೆದ ಕೂಡಲೇ ಒಂದು ಸಾಲು ಕಾಣಿಸುತ್ತದೆ: ‘ನಸೀಮಾ ನಿಮ್ಮ ಹೊಲಕ್ಕೆ ನೀರು ಹಾಕಿದ್ದಾರೆ.’ ಇವತ್ತು ಅದಿರಲಿಲ್ಲ. ಆಟ ಮುಚ್ಚಿ ಮತ್ತೆ ತೆರೆದೆ. ಇಲ್ಲ. ಫೋನ್ ಮಾಡಿದೆ. ಗಂಟೆ ಪೂರ್ತಿ ಹೊಡೆದು ನಿಂತಿತು. ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಅವಳ ಮಗಳ ನಂಬರು ನನ್ನಲ್ಲಿಲ್ಲ. ಅದು ಬೇಕಾಗುವ ದಿನ ಬಂದೀತೆಂದು ಅನ್ನಿಸಿಯೇ ಇರಲಿಲ್ಲ.

ನಸೀಮಾ ಅಪಾ ಯಾರೆಂದು ಹೇಳಿಬಿಡುತ್ತೇನೆ. ಅಪಾ ಅಂದರೆ ಅಕ್ಕ. ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಆ ಗೋಡೆಯಲ್ಲಿ ಎಂದೋ ಒಂದು ಇಟ್ಟಂಗಿ ಕಳಚಿ ಕಿಂಡಿಯಾಗಿತ್ತು. ಮುಚ್ಚಿಸಬೇಕು ಎಂದು ಎರಡೂ ಮನೆಯವರು ವರ್ಷಗಟ್ಟಲೆ ಹೇಳಿಕೊಂಡೆವೇ ಹೊರತು ಯಾರೂ ಮುಚ್ಚಿಸಲಿಲ್ಲ. ಅದರೊಳಗಿಂದ ಒಂದು ಬಟ್ಟಲು ಸಲೀಸಾಗಿ ಹಾಯುತ್ತಿತ್ತು. ಆ ಕಡೆಯಿಂದ ಬಗಾರಾ ಅನ್ನ, ಈ ಕಡೆಯಿಂದ ಪುಂಡಿಪಲ್ಯ. ನಾನು ಊರಿಗೆ ಹೋದರೆ ನನ್ನ ತುಳಸಿಗೂ ಮಲ್ಲಿಗೆಗೂ ನೀರು ಹಾಕುವವಳು ಅವಳೇ. ತುಳಸಿಗೆ ಹಾಕುವಾಗ ಮಾತ್ರ ಚಪ್ಪಲಿ ಆಚೆ ಬಿಡುತ್ತಿದ್ದಳಂತೆ. ನಾನು ಹೇಳಿಕೊಟ್ಟದ್ದಲ್ಲ ಅದು.

ಹೋದ ಮಳೆಗಾಲದಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಮಗಳು ಬಂದು ಹುಮನಾಬಾದಿಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ಅವಳ ಫೋನಿಗೆ ಈ ಆಟ ಹಾಕಿಕೊಟ್ಟವಳು ನಾನೇ. “ಮಗಳ ಮನಿ ಮಾಳಿಗಿ ಮ್ಯಾಲ ಐತಿ ತಂಗಿ, ಮಣ್ಣ ಅಂಬೂದೇ ಇಲ್ಲ ಅಲ್ಲಿ. ಇದರಾಗರ ಮಣ್ಣ ನೋಡ್ತೇನಿ” ಎಂದು ನಕ್ಕಿದ್ದಳು. ಅವತ್ತಿನಿಂದ ಬೆಳಕು ಹರಿಯುವ ಮುಂಚೆ ನಮಾಜು ಮುಗಿಸಿ ನನ್ನ ಹೊಲಕ್ಕೆ ನೀರು ಹಾಕುವುದು ಅವಳ ರೂಢಿ. ಆ ಒಂದು ಸಾಲು ಓದಿದರೆ ನನಗೆ ಅಪಾ ಎದ್ದಿದ್ದಾಳೆ, ಆರಾಮಿದ್ದಾಳೆ ಎಂದು ತಿಳಿಯುತ್ತಿತ್ತು. ಅಷ್ಟು ತಿಳಿದರೆ ಸಾಕಾಗುತ್ತಿತ್ತು. ಹುಮನಾಬಾದೇನು ಸಮುದ್ರದಾಚೆ ಇಲ್ಲ, ಬಸ್ಸಿಗೆ ಬರವೂ ಇಲ್ಲ. ಆದರೂ ಅವಳು ಹೋದಮೇಲೆ ನಾನು ಒಂದು ಸಲವೂ ಹೋಗಿರಲಿಲ್ಲ. ದಿನಾ ಸಿಗುತ್ತೇವಲ್ಲ ಎಂಬ ಧೈರ್ಯ ನೋಡಿ.

ಉಳಿದ ಹಿಟ್ಟಿಗೆ ತಟ್ಟೆ ಮುಚ್ಚಿ, ಬಡಿದಿದ್ದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಹೊರಡುವ ಮುಂಚೆಯೇ ಶಾಂತಾಳ ಫೋನು. ಶಾಂತಾ ನನ್ನ ನಾದಿನಿ, ರಾಜೇಶ್ವರಕ್ಕೆ ಕೊಟ್ಟ ಹೆಣ್ಣುಮಗಳು; ಅತ್ತಿಗೆಯಾದ ನಾನು ಅವಳಿಗೆ ವೈನಿ. ಆಟದಲ್ಲಿ ನಾನು, ಅವಳು, ಅಪಾ ಮೂವರದೂ ಒಂದು ಗುಂಪು. ಗುಂಪಿನ ಮುಖಂಡಳು ಶಾಂತಾ.

“ವೈನಿ, ಬಿತ್ತಿದ್ರೇನು? ಟೈಮ್ ಓಡಾಕತ್ತದ!”

“ಬಸ್ಸಿನಾಗ ಅದೀನಿ ಶಾಂತಾ.”

“ಬಸ್ಸಿನಾಗ ಬಿತ್ತಾಕ ಬರಂಗಿಲ್ಲೇನ್ರಿ? ಕೈ ಖಾಲಿನ ಅದಾವಲ್ಲ!”

ಇದು ಶಾಂತಾ. ಈವೆಂಟ್ ಬಂತೆಂದರೆ ಅವಳಿಗೆ ಮೈಯಲ್ಲಿ ಹೊಸ ರಕ್ತ ಹರಿಯುತ್ತದೆ. ಗಡುವಿಲ್ಲದ ಆಟ ಅವಳ ಬಾಯಿಗೆ ಉಪ್ಪಿಲ್ಲದ ಸಾರು. ಅಪಾ ಇದಕ್ಕೆ ತದ್ವಿರುದ್ಧ. “ನಾ ಆಟಕ್ಕ ಬಂದೇನಿ, ನೌಕರಿಗಲ್ಲ. ಗಡಿಯಾರ ತೋರ್ಸಿ ಹೆದರ್ಸಾಕ ಇವರ‍್ಯಾರು?” ಎನ್ನುತ್ತಾಳೆ. ಇನ್ನು ನಾನು ಎರಡೂ ಕಡೆಯವಳು. ಈವೆಂಟ್ ಬಂತೆಂದರೆ ಬೈಯುತ್ತೇನೆ, ಬೈಯುತ್ತಲೇ ಬಿತ್ತುತ್ತೇನೆ. ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುವುದಿಲ್ಲ, ಹೊಲದಲ್ಲಿ ಬೆಳೆ ಮಾಗಿದ್ದು ಗೊತ್ತಾಗುತ್ತದೆ. ಮದುವೆಮನೆಯಲ್ಲಿ ಅಕ್ಷತೆ ಹಿಡಿದ ಕೈಯಲ್ಲೇ ಫೋನು ತೀಡಿದ ಹೆಂಗಸು ನಾನು. ಒಂದು ಅಕ್ಕಿಕಾಳು ಅದರ ಚಾರ್ಜಿನ ತೂತಿಗೆ ಹೊಕ್ಕು, ರಿಪೇರಿಯವನು ಅದನ್ನು ಸೂಜಿಯಿಂದ ತೆಗೆದು ನನ್ನ ಮುಖವನ್ನೇ ನೋಡಿದ್ದ.

ಬಸ್ಸು ಊರು ದಾಟಿತು. ಕೈ ಮಾತ್ರ ಸುಮ್ಮನಿರಲಿಲ್ಲ. ಆಟ ತೆರೆದು ಸಾಲು ಬಂತೇ ಎಂದು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಪಕ್ಕದಲ್ಲಿ ಕೂತಿದ್ದ ಹೆಂಗಸು “ಯಾರಿಗರ ಆರಾಮಿಲ್ಲೇನ್ರಿ?” ಎಂದು ಕೇಳಿದಳು. ಆಟದ ಹೊಲಕ್ಕೆ ನೀರು ಬಿದ್ದಿಲ್ಲ ಎಂದು ಹೇಗೆ ಹೇಳಲಿ? ಗೊತ್ತಿಲ್ಲ ಎಂದೆ. ಅದೇ ನಿಜವಾಗಿತ್ತು.

ರಾಜೇಶ್ವರ ಬಂದಾಗ ಹೋದ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನೆನಪಾಯಿತು. ಆಗಲೂ ಒಂದು ಈವೆಂಟ್ ಇತ್ತು. ಮೂವರೂ ಸೇರಿ ಗುಂಪಿನ ಹೊಲದಲ್ಲಿ ಬಂಗಾರದ ಗೋಧಿ ಬೆಳೆದು ಕೊಯ್ದರೆ ಬಿಳಿ ಕುದುರೆ ಬಹುಮಾನ. ಶಾಂತಾಳಿಗೆ ಆ ಕುದುರೆಯ ಹುಚ್ಚು ಹಿಡಿಯಿತು. ನನಗೂ ಹಿಡಿಯಿತು ಎಂದು ಮುಚ್ಚಿಡದೆ ಹೇಳುತ್ತೇನೆ. ಅಪಾ ಮಾತ್ರ “ಕುದುರಿಗೆ ಮೇವ ಯಾರ್ ಹಾಕವ್ರು?” ಎಂದು ಕೇಳಿ, ತನ್ನ ಪಾಡಿಗೆ ಜೋಳ ಬಿತ್ತಿಕೊಂಡು, ನಮ್ಮಿಬ್ಬರ ಹೊಲಕ್ಕೆ ನೀರು ಹಾಕಿಕೊಂಡು ಕೂತಳು. ಅವಳ ಪಾಲಿನ ಗೋಧಿಯನ್ನೂ ನಾವೇ ಬೆಳೆಯಬೇಕಾಯಿತು. ಶಾಂತಾ ಸಿಟ್ಟಿಗೆದ್ದಳು.

“ವೈನಿ, ಇದು ಮುಗೀಲಿ, ಅಪಾನ್ನ ಗುಂಪಿನಿಂದ ತಗೀತೇನಿ. ನಮ್ಮ ಓಣಿ ಟೀಚರ್ ಬರ್ತೀನಂತಾಳ. ಭಾಳ ಚುರುಕ ಆಡ್ತಾಳರಿ.”

ಗುಂಪಿನಿಂದ ತೆಗೆದರೆ ಒಬ್ಬರ ಹೊಲ ಇನ್ನೊಬ್ಬರಿಗೆ ಕಾಣುವುದಿಲ್ಲ. ನೀರೂ ಇಲ್ಲ, ಆ ಸಾಲೂ ಇಲ್ಲ. ಬೇಡ ಎಂದು ಬಾಯಿ ಬಿಡಬೇಕಿತ್ತು. ಆದರೆ ಕುದುರೆ ಕಣ್ಣಮುಂದೆ ಕುಣಿಯುತ್ತಿತ್ತು. “ಮೊದಲ ಕುದುರಿ ಬರಲಿ, ಆಮ್ಯಾಲ ನೋಡೂಣು” ಎಂದೆ.

ಗೋಧಿ ಮಾಗಿದ್ದು ಸರಿಯಾಗಿ ಎಳ್ಳಮಾಸಿಯ ದಿನ. ಸಂಜೆಗೆ ಗಡುವು. ನಮ್ಮ ಕಡೆ ಅವತ್ತು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗಿ, ಜೋಳದ ದಂಟಿನ ಗೂಡಿನಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಆ ಅಡಿಗೆಯನ್ನೇ ಚರಗವೆಂದು ಹೊಲದ ತುಂಬ ಚೆಲ್ಲುತ್ತೇವೆ. ಭೂಮಿತಾಯಿ ಬಸುರಿ, ಅದು ಅವಳ ಬಯಕೆಯ ಊಟ. ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸುತ್ತೇವೆ. ಅಪಾ ವರ್ಷಾ ನಮ್ಮ ಜೊತೆ ಶಾಂತಾಳ ಹೊಲಕ್ಕೆ ಬರುತ್ತಿದ್ದವಳು, ಆ ಸಲ ಮೊಣಕಾಲಿನಿಂದಾಗಿ ಬರಲಿಲ್ಲ. ಊಟವಾದದ್ದೇ ನಾನು ನೆಟ್‌ವರ್ಕ್ ಹುಡುಕುತ್ತ ಬಾವಿಕಟ್ಟೆ ಹತ್ತಿದೆ. ಅಂತೂ ಸಿಕ್ಕಿತು. ಗೋಧಿ ತೂಗುತ್ತಿತ್ತು. ಪರದೆಯ ಕುಡುಗೋಲಿನ ಮೇಲೆ ಬೆರಳಿಟ್ಟೆ.

“ವೈನಿ, ಬ್ಯಾಡ್ರಿ!” ಶಾಂತಾ ಕೆಳಗಿನಿಂದ ಚೀರಿದಳು. “ಇವತ್ತ ಕುಡಗೋಲ ಹಚ್ಚಬಾರದು!”

“ಏ, ಇದು ಫೋನಿನ ಹೊಲ ಶಾಂತಾ!”

“ಹೊಲ ಅಂದಮ್ಯಾಲ ಹೊಲರಿ. ಬಸುರಿನ್ನ ಕೊಯ್ತೀರೇನು?”

ಅಷ್ಟು ದಿನ ನಮ್ಮ ಜೀವ ಹಿಂಡಿದ್ದವಳು ಇವಳೇನಾ ಎಂದು ನೋಡಿದೆ. ಕಣ್ಣಲ್ಲಿ ನೀರಿತ್ತು. ಕುದುರೆಯೂ ಬೇಕು, ಕೊಯ್ಯಲೂ ಆಗದು. ಆಗ ಅವಳಿಗೇ ಹೊಳೆಯಿತು. ಗುಂಪಿನ ಹೊಲವನ್ನು ಮೂವರಲ್ಲಿ ಯಾರು ಕೊಯ್ದರೂ ನಡೆಯುತ್ತದೆ, ಅಪಾಗೆ ಎಳ್ಳಮಾಸಿಯ ಕಟ್ಟಿಲ್ಲ! ತಾನು ತೆಗೆದುಹಾಕಬೇಕೆಂದವಳಿಗೆ ಬಾವಿಕಟ್ಟೆ ಹತ್ತಿ ಬಂದು ತಾನೇ ಫೋನ್ ಹಚ್ಚಿ ಗೋಗರೆದಳು. ಅಪಾಳ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಯಾ ಅಲ್ಲಾ! ಇಷ್ಟ ವರ್ಷ ನಿನ್ನ ಹೊಲದಾಗ ಕುಂತು ಭಜ್ಜಿ ಉಂಡೇನಿ. ಇವತ್ತ ನಾ ಕುಡಗೋಲ ಹಚ್ಚಲೇನು? ಕುದುರಿ ಹೋದರ ಹೋಗಲಿ ಬಿಡವಾ.”

ಹೊತ್ತು ಮುಳುಗಿತು, ಗೋಧಿ ಮಾಯವಾಯಿತು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಬಿಳಿ ಕುದುರೆ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಓಡಾಡುತ್ತದೆ. ಶಾಂತಾ ಮಾತ್ರ ಉಳಿದ ಅಂಬಲಿ ಕುಡಿದು, ಮೂಗೊರೆಸಿಕೊಂಡು, “ಟೀಚರಿಗೆ ಜಾಗ ಇಲ್ಲಂತ ಹೇಳ್ತೇನ್ರಿ” ಎಂದಳು. ಆಮೇಲೆ ಆ ಮಾತು ನಮ್ಮಲ್ಲಿ ಬರಲಿಲ್ಲ.

ಹೀಗೆ ಶಾಂತಾಳ ಕೈಯಿಂದ ತಪ್ಪಿಸಿಕೊಂಡು ಉಳಿದ ಆ ನೀರಿನ ಸಾಲು ಇವತ್ತು ತಾನಾಗಿಯೇ ಹೋಯಿತೇ? ಹುಮನಾಬಾದಿನಲ್ಲಿ ಇಳಿದೆ. ಮನೆ ಗೊತ್ತಿಲ್ಲ. ಅಪಾಳ ಅಳಿಯನ ಹೆಸರು ಹೇಳಿ ಅಂಗಡಿ ಅಂಗಡಿ ಕೇಳಿದೆ. ಒಬ್ಬರು ಆ ಓಣಿ ಎಂದರು, ಇನ್ನೊಬ್ಬರು ಈ ಓಣಿ. ಕೊನೆಗೆ ಒಂದು ಹಿಟ್ಟಿನ ಗಿರಣಿಯವನು ಎದುರಿನ ಮಾಳಿಗೆ ತೋರಿಸಿದ. ಮೆಟ್ಟಿಲಿನ ಬುಡದಲ್ಲಿ ಚಪ್ಪಲಿಗಳ ರಾಶಿಯೇನಾದರೂ ಬಿದ್ದಿದೆಯೇ ಎಂದು ನೋಡಿದೆ. ಇರಲಿಲ್ಲ. ಆಮೇಲೆ ಹತ್ತಿದೆ.

ಅಪಾ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಫೋನು ಪಕ್ಕದಲ್ಲೇ ಇತ್ತು.

“ಅಪಾ! ಆರಾಮಿದ್ದೀ?”

“ನನಗೇನ್ ಆಗೇತಿ? ಬಾ, ಕುಂಡ್ರು.”

“ಮತ್ತ ನೀರ್ ಯಾಕ ಹಾಕಿಲ್ಲ? ಫೋನ್ ಯಾಕ ಎತ್ತಲಿಲ್ಲ? ನನ್ನ ಜೀವ ಹೋಗಿತ್ತು!” ಎಂದು ಕೂಗಿದೆ. ಕೂಗುತ್ತಲೇ ಅತ್ತೆ.

ಅಪಾ ಬಳ್ಳೊಳ್ಳಿಯ ಸಿಪ್ಪೆ ಊದಿದಳು. “ಫೋನ್ ಎತ್ತಿದ್ದರ ನೀ ಬರ್ತಿದ್ದೇನು? ಇಷ್ಟ ತಿಂಗಳು ಬಂದೀ? ಅದಕ್ಕ ನಾನೂ ಒಂದು ಈವೆಂಟ್ ಇಟ್ಟೆ. ಇವತ್ತ ದೀಪ ಹಚ್ಚೂದರೊಳಗ ತಂಗಿ ಬರ್ತಾಳೋ ಇಲ್ಲೋ ನೋಡೂಣು ಅಂತ.”

“ಬರದಿದ್ದರ?”

“ಬರದಿದ್ದರೇನು?” ಅಪಾ ನನ್ನ ಮಡಿಲಿನ ಗಂಟು ಬಿಚ್ಚಿ, ರೊಟ್ಟಿಯ ಕರಕಲು ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು. “ನಾಳೆ ಮತ್ತ ನೀರ್ ಹಾಕ್ತಿದ್ದೆ.”

ಮಗಳು ಚಹಾ ತಂದಿಟ್ಟಳು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ.