ಬಾನೆಟ್ಟಿನೊಳಗಿನ ಬುತ್ತಿ

ಶಿವಾಜಿನಗರದ ಆ ಓಣಿಯಲ್ಲಿ ಮೆಕ್ಯಾನಿಕ್ ಜಿಯಾವುಲ್ಲಾನ ಬಾಯಿಗೆ ಹೆದರದವರಿಲ್ಲ. ಗಾಡಿಯ ವೈರು ತುಂಡಾದರೆ ಸಾಕು, ಎದುರು ಗ್ಯಾರೇಜಿನ ನಯಾಜ್ "ಇಲಿ ಕಡಿದಿದೆ ಸಾರ್" ಅಂದುಬಿಡುತ್ತಿದ್ದ. ಜಿಯಾವುಲ್ಲಾ ಈ ಕಡೆಯಿಂದಲೇ ಕೂಗುತ್ತಿದ್ದ: "ಇಲಿ ಏನೋ, ನಿನ್ನ ಕೈ ಕಡಿದಿರೋದು!" ಹಾಗೆ ಜಗಳ ಆಡಿ ಆಡಿ ಗಿರಾಕಿಗಳೂ ಕಮ್ಮಿಯಾದರು, ವಯಸ್ಸಾಗಿ ಸೊಂಟವೂ ಬಿತ್ತು. ಕಾರಿನಡಿ ಮಲಗಿದರೆ ಏಳೋದಕ್ಕೇ ಒಂದು ಗಳಿಗೆ ಬೇಕು.

ಎರಡು ಸಾವಿರದ ಒಂಬತ್ತರ ಒಂದು ಬೆಳಿಗ್ಗೆ ಡ್ರೈವರ್ ಅಪ್ಪಣ್ಣ ಬಾಗಿಲ ಮುಂದೆ ನಿಂತಿದ್ದ. ಹಿಂದಿನ ದಿನ ಟೋ ಮಾಡಿ ತಂದುಬಿಟ್ಟಿದ್ದ ಡೀಸೆಲ್ ಗಾಡಿ ಅಲ್ಲೇ ಇತ್ತು. ಗಾಡಿ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ವಿಮಲಾಕ್ಷಿ ಮೇಡಂದು.

"ಹೊಗೆ ಪೈಪು ಕಾದು ಕೆಂಡ ಆಗಿದೆ ಅಂತ ಲೈಟು ಬರುತ್ತೆ ಭಾಯ್. ಆಮೇಲೆ ಗಾಡಿ ಎಳೆಯೋದೇ ಇಲ್ಲ. ಬೇರೆ ಕಡೆ ಸೆನ್ಸರ್ ಬದಲಾಯಿಸಿದ್ರು, ಮತ್ತೆ ಅದೇ ಗೋಳು. ನಾನು ಆಕ್ಸಿಲೇಟರ್ ತುಳಿದು ಗಾಡಿ ಹಿಂಡಿದೀನಂತೆ. ತಪ್ಪು ನನ್ನದೇ ಅಂತಾದ್ರೆ ಇವತ್ತೇ ಕೀ ಇಟ್ಟು ಹೋಗು ಅಂದ್ರು ಮೇಡಂ."

"ಹಿಂಡಿದ್ದೀಯೇನೋ?"

"ಹಳೇ ಮದ್ರಾಸ್ ರೋಡಲ್ಲಿ ಏನ್ ಹಿಂಡೋದು ಭಾಯ್, ನಡ್ಕೊಂಡು ಹೋಗೋರೇ ನನ್ನ ಓವರ್‌ಟೇಕ್ ಮಾಡ್ತಾರೆ."

ಜಿಯಾವುಲ್ಲಾ ನಗಲಿಲ್ಲ. ಇಂಜಿನ್ ಚಾಲೂ ಮಾಡದೆ ಬರೀ ಕೀ ತಿರುಗಿಸಿ, ಸೆನ್ಸರ್ ಲೆಕ್ಕ ಓದುವ ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಚುಚ್ಚಿದ. ಹೊಗೆಯ ಬಿಸಿ ಆರುನೂರು ಡಿಗ್ರಿ ಅಂತ ತೋರಿಸಿತು. ಅವನು ಹೊಗೆ ಪೈಪಿನ ಮೇಲೆ ಅಂಗೈ ಇಟ್ಟ. ರಾತ್ರಿಯೆಲ್ಲಾ ನಿಂತ ಗಾಡಿ, ಪೈಪು ಕಲ್ಲಿನಷ್ಟು ತಣ್ಣಗಿತ್ತು.

"ಇಟ್ಟು ನೋಡು ಕೈ. ಇದೇನೋ ಕೆಂಡ? ಮೀಟರ್ ಸುಳ್ಳು ಹೇಳ್ತಿದೆ. ಹೊಸ ಸೆನ್ಸರೂ ಅದೇ ಸುಳ್ಳು ಹೇಳುತ್ತೆ ಅಂದ್ರೆ ಕಾಯಿಲೆ ಸೆನ್ಸರಲ್ಲಿಲ್ಲ, ದಾರೀಲಿದೆ."

ಸೆನ್ಸರಿನಿಂದ ಹೊರಟ ವೈರನ್ನು ಬೆರಳಲ್ಲೇ ಸವರಿಕೊಂಡು ಹೋದ. ಗೇಣುದ್ದ ಹೋಗೋದರಲ್ಲಿ ಬೆರಳು ನಿಂತಿತು. ಎರಡೂ ಎಳೆಗಳ ಮೇಲಿನ ಸಿಪ್ಪೆ ಸವೆದು, ತಾಮ್ರಕ್ಕೆ ತಾಮ್ರ ಅಂಟಿಕೊಂಡಿತ್ತು. ಪಕ್ಕದ ತಗಡಿನ ಮೇಲೆ ದುಂಡನೆಯ ಗುರುತು. ಅದರ ಅಂಚಲ್ಲಿ ಏನೋ ಒಣಗಿ ಕರಕಲಾಗಿತ್ತು. ಉಗುರಲ್ಲಿ ಕೆರೆದು ಮೂಸಿದ. ಹುರುಳಿ ಸಾರು!

ತಿರುಗಿ ನೋಡಿದರೆ ಅಪ್ಪಣ್ಣ ನೆಲ ನೋಡುತ್ತಿದ್ದ.

"ಲೇ, ಇಂಜಿನ್ ಒಳಗೆ ಹೋಟ್ಲು ಇಟ್ಟಿದ್ದೀಯಾ?"

"ಕೃಷ್ಣರಾಜಪುರದಲ್ಲಿ ಕತ್ತಲಿರೋವಾಗ ಕಟ್ಟಿದ ಮುದ್ದೆ ಭಾಯ್, ಮಧ್ಯಾಹ್ನಕ್ಕೆ ಕಲ್ಲಾಗುತ್ತೆ. ಎಲ್ಲೂ ನಿಲ್ಲಿಸಬೇಡ ಅಂತಾರೆ ಮೇಡಂ. ಊಟದ ಕ್ಯಾರಿಯರ್ ಅಲ್ಲಿ ಸಿಕ್ಕಿಸಿದ್ರೆ ಬೆಚ್ಚಗಿರುತ್ತೆ. ಬಿಸಿ ತಿನ್ನೋ ಆಸೆ. ಅದು ವೈರಿಗೆ ಉಜ್ಜುತ್ತೆ ಅಂತ ಗೊತ್ತಿರ್ಲಿಲ್ಲ."

ಬೈಗುಳ ಗಂಟಲಿಗೆ ಬಂತು. ಬೆಳಗಿನಿಂದ ಚಹಾ ಬಿಟ್ಟು ಏನೂ ಬೀಳದ ಅವನದೇ ಹೊಟ್ಟೆ ಅದನ್ನು ಅಲ್ಲೇ ತಡೆಯಿತು. ಎಳೆಗಳನ್ನು ಬಿಡಿಸಿ, ಬೆಸುಗೆ ಹಾಕಿ, ಬಿಸಿ ತಡೆಯೋ ಕೊಳವೆ ತೊಡಿಸಿ, ತಗಡಿನಿಂದ ದೂರಕ್ಕೆ ಕಟ್ಟಿದ. ಸ್ಕ್ಯಾನರ್ ಇಪ್ಪತ್ತಾರು ಡಿಗ್ರಿಗೆ ಇಳಿಯಿತು.

ಅಷ್ಟರಲ್ಲಿ ವಿಮಲಾಕ್ಷಿ ಆಟೋ ಇಳಿದರು. "ಏನಂತೆ ಜಿಯಾವುಲ್ಲಾ? ಇವನು ಗಾಡಿ ಹಿಂಡಿದ್ದು ತಾನೆ?"

"ಅಲ್ಲ ಮೇಡಂ. ಇಂಜಿನ್ ಕಾದೇ ಇಲ್ಲ. ವೈರು ಹೋಗಿತ್ತು."

"ಸುಮ್ಮಸುಮ್ಮನೆ ವೈರು ಹೇಗ್ರೀ ಹೋಗುತ್ತೆ?"

ಗಾಡಿಯಿಂದ ಕಳಚಿಕೊಂಡ ಕೀಯನ್ನು ಅಪ್ಪಣ್ಣ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಜಿಯಾವುಲ್ಲಾ ಎದುರು ಗ್ಯಾರೇಜ್ ಕಡೆ ನೋಡಿದ. ನಯಾಜ್ ಬಾಗಿಲಲ್ಲೇ ಕೂತು ಕಿವಿ ಕೊಟ್ಟಿದ್ದ.

"ಇಲಿ ಮೇಡಂ," ಅಂದ, ಹಲ್ಲು ಕಚ್ಚಿ. "ಇಲಿ ಕಡಿದಿದೆ."

"ಅಯ್ಯೋ, ಅಂಗಡಿ ಹಿಂದೆ ಎಷ್ಟೊಂದಿವೆ ಗೊತ್ತಾ! ಬೋನು ಇಡಿಸ್ತೀನಿ. ನಡಿ ಅಪ್ಪಣ್ಣ, ಗಾಡಿ ತೆಗಿ."

ಗಾಡಿ ಹತ್ತುವಾಗ ಅಪ್ಪಣ್ಣ ಏನೋ ಹೇಳಲು ಬಾಯಿ ತೆರೆದ. "ಬಾಯಿ ಮುಚ್ಕೊಂಡು ಹೋಗು," ಅಂದ ಜಿಯಾವುಲ್ಲಾ. "ಇನ್ನೊಂದ್ಸಲ ಅಲ್ಲಿ ಕ್ಯಾರಿಯರ್ ಕಂಡ್ರೆ ನಿನ್ನ ತಲೇನೇ ಪೈಪಿಗೆ ಕಟ್ತೀನಿ. ತಣ್ಣಗೇ ತಿನ್ನು."

ಗಾಡಿ ತಿರುವಿನಲ್ಲಿ ಮರೆಯಾಯಿತು.

"ಭಾಯ್," ನಯಾಜ್ ಎದುರಿನಿಂದ ಕೂಗಿದ, "ನಿಮ್ಮ ಗ್ಯಾರೇಜಿಗೂ ಇಲಿ ಬಂತಾ?"

ಬೇರೆ ದಿನವಾಗಿದ್ದರೆ ಸ್ಪ್ಯಾನರ್ ಹಾರುತ್ತಿತ್ತು. ಜಿಯಾವುಲ್ಲಾ ಸೀಮೆಎಣ್ಣೆಯಲ್ಲಿ ಕೈ ತಿಕ್ಕುತ್ತಾ ಸ್ಟೂಲಿನ ಮೇಲೆ ಕುಸಿದ.

"ಬಂತಪ್ಪ," ಅಂದ. "ಹಸಿದಿತ್ತು."