ಮತ್ತೆ ನೀರಿಗಿಳಿದ ಮಾಸ್ಟ್ರು

ಮೊನ್ನೆ ಮಣ್ಣಗುಡ್ಡದ ಔಷಧಿ ಅಂಗಡಿಯಲ್ಲಿ ಯಾರೋ ಮುಲಾಮಿನ ಡಬ್ಬಿ ತೆರೆದು ಮೂಸಿ ನೋಡಿದರು. ಡಾಮರಿನಂಥ ವಾಸನೆ. ಹಿಂದೆ ನಾವು ಕುಲಶೇಖರದಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದ ಈಜು ಮಾಸ್ಟ್ರು ನೆನಪಾದರು... ಸಂಜೆಯಾದರೆ ಅವರ ಜಗಲಿಯಿಂದ ಅದೇ ವಾಸನೆ ಬರುತ್ತಿತ್ತು.

ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿ ನಿವೃತ್ತರಾದ ಮೇಲೆ ಅವರು ಈಜುಕೊಳದಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದರು. ನೀರು ಕಂಡರೆ ಅಳುವ ಮಕ್ಕಳೆಂದರೆ ಅವರಿಗೆ ಹೆಚ್ಚು ಇಷ್ಟ. ನನ್ನ ಮಗಳೂ ಹಾಗೆ ಅತ್ತುಕೊಂಡೇ ಅವರ ಕೈಯಲ್ಲಿ ಕಲಿತವಳು. ಮಾಸ್ಟ್ರ ಸೊಂಟದ ಸುತ್ತ ಕೆಂಪು ಕಲೆಗಳಿದ್ದವು. ಒಬ್ಬ ವೈದ್ಯರು ಹುಳಕಡ್ಡಿ ಎಂದರು, ಇನ್ನೊಬ್ಬರು ಇಸಬು ಎಂದರು. ಮುಲಾಮು ಬದಲಾಗುತ್ತಾ ಹೋಯಿತು, ಕಲೆ ಹೋಗಲಿಲ್ಲ.

ಅದು ಬೆನ್ನಿಗೂ ಹರಡಿದಾಗ, ಒಂದು ಬೆಳಿಗ್ಗೆ ಒಬ್ಬ ತಾಯಿ ಮಗುವನ್ನು ನೀರಿನಿಂದ ಎತ್ತಿಕೊಂಡು ಹೋದರು. ಮರುದಿನ ಇನ್ನೂ ಕೆಲವು ಮಕ್ಕಳು ಬರಲಿಲ್ಲ. ಮಾಸ್ಟ್ರು ಕೊಳಕ್ಕೆ ಹೋಗುವುದನ್ನೇ ಬಿಟ್ಟರು. ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋದರೂ ಒಬ್ಬರೇ ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು.

ಕುವೈತಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದ್ದ ಅವರ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. ಹಿಂದೆ ಚರ್ಮದ ಚೂರು ತೆಗೆದು ನೋಡಿದಾಗ ಏನೂ ಖಚಿತವಾಗಿರಲಿಲ್ಲ. ಆಕೆ ಹೊಸ ಚರ್ಮವೈದ್ಯೆಯೊಬ್ಬರನ್ನು ಹುಡುಕಿದರು. ನನ್ನ ಕಾರಿನಲ್ಲೇ ಹೋದೆವು. ವೈದ್ಯೆ ಸೊಂಟದಿಂದ ಒಂದು ಚೂರು, ಬೆನ್ನಿನಿಂದ ಒಂದು ಚೂರು ತೆಗೆದು, ಈ ಸಲ ಜೀನ್ ಪರೀಕ್ಷೆಗೂ ಕಳಿಸಿದರು.

ಫಲಿತಾಂಶ ಬಂದ ದಿನ ಮಾಸ್ಟ್ರು ನನ್ನನ್ನೂ ಒಳಗೆ ಕರೆದರು. ವೈದ್ಯೆ ನಿಧಾನವಾಗಿ ವಿವರಿಸಿದರು.

"ಬರೀ ಇಸಬು ಆಗಿದ್ರೆ ಅಲ್ಲಿ ಸೇರುವ ಬಿಳಿ ರಕ್ತಕಣಗಳು ಸಾಧಾರಣವಾಗಿ ಬೇರೆ ಬೇರೆ ಮೂಲದವು. ನಿಮ್ಮ ಎರಡೂ ಕಲೆಗಳಲ್ಲಿ ಒಂದೇ ಕಣದಿಂದ ಹುಟ್ಟಿದವೇ ತುಂಬಾ ಉಂಟು. ಇದು ಚರ್ಮದ ಲಿಂಫೋಮ, ಒಂದು ಥರದ ಕ್ಯಾನ್ಸರ್. ಆದ್ರೆ ಆರಂಭದ ಹಂತ. ಚರ್ಮ ಬಿಟ್ಟು ಒಳಗೆ ಹೋದ ಹಾಗೆ ಕಾಣುವುದಿಲ್ಲ."

ಅವರ ಹೆಂಡತಿ ನಾಡಿ ನೋಡುವವರಂತೆ ಗಂಡನ ಮಣಿಕಟ್ಟು ಹಿಡಿದುಕೊಂಡರು. ಮಾಸ್ಟ್ರು ಕೇಳಿದ್ದು ಒಂದೇ ಮಾತು.

"ಇದು ಮಕ್ಕಳಿಗೆ ಅಂಟ್ತದಾ ಡಾಕ್ಟ್ರೇ?"

"ಇಲ್ಲ. ಯಾರಿಗೂ ಅಂಟುವುದಿಲ್ಲ."

ಕಾರಿನಲ್ಲಿ ಕೂತ ಮೇಲೆ ಅವರು ದೊಡ್ಡದಾಗಿ ಉಸಿರುಬಿಟ್ಟು, "ಅಷ್ಟು ಸಾಕು ಮಾರಾಯ," ಎಂದರು.

ಚಿಕಿತ್ಸೆಯೆಂದರೆ ಕಪಾಟಿನಂಥ ಪೆಟ್ಟಿಗೆಯೊಳಗೆ, ಕಣ್ಣಿಗೆ ಕನ್ನಡಕ ಹಾಕಿ, ಅತಿನೇರಳೆ ಬೆಳಕು ಸೂಸುವ ಟ್ಯೂಬ್‌ಲೈಟುಗಳ ನಡುವೆ ಸ್ವಲ್ಪ ಹೊತ್ತು ನಿಲ್ಲುವುದು. "ಇದಕ್ಕೆ ಪಣಂಬೂರು ಕಡಲ ತೀರದ ಬಿಸಿಲು ಸಾಕಿತ್ತಲ್ಲ," ಎಂದು ಮಾಸ್ಟ್ರು ತಮಾಷೆ ಮಾಡಿದರೆ, "ಅದು ಬೇರೆ, ಇದು ಬೇರೆ. ಸುಮ್ನೆ ನಿಲ್ಲಿ," ಎನ್ನುತ್ತಿದ್ದರು ಹೆಂಡತಿ. ತಿಂಗಳುಗಳು ಕಳೆದಂತೆ ಕಲೆಗಳು ಮಾಸಿದವು.

ಅವರು ಮತ್ತೆ ನೀರಿಗಿಳಿದ ಬೆಳಿಗ್ಗೆ ನಾನೂ ಹೋಗಿದ್ದೆ. ಹೆಂಡತಿ ಕೊಳದ ದಂಡೆಯಲ್ಲಿ ನಿಂತು ಇದು ಅಂಟುವ ಕಾಯಿಲೆಯಲ್ಲವೆಂದು ಪ್ರತಿಯೊಬ್ಬ ತಾಯಿಗೂ ತಾವೇ ವಿವರಿಸಿದರು. ಅಂದು ಮಗುವನ್ನು ಎತ್ತಿಕೊಂಡು ಹೋಗಿದ್ದ ಮಹಿಳೆಯೂ ಬಂದಿದ್ದರು. ಎಲ್ಲ ಕೇಳಿದ ಮೇಲೆ ಬಗ್ಗಿ, ಅಳುತ್ತಿದ್ದ ಮಗುವನ್ನು ಮಾಸ್ಟ್ರ ಚಾಚಿದ ಕೈಗಳಿಗೆ ಕೊಟ್ಟರು.

ಮುಂದೊಮ್ಮೆ ಕಲೆಗಳು ಮರಳಿದವು, ಮತ್ತೆ ಅದೇ ಚಿಕಿತ್ಸೆ, ಮತ್ತೆ ಕೊಳ... ಹೀಗೆ ಬಹಳ ವರ್ಷ ನಡೆಯಿತು. ಹೋದ ವರ್ಷ, ನಿದ್ದೆಯಲ್ಲೇ, ಹೃದಯ ನಿಂತು ಅವರು ತೀರಿಕೊಂಡರು.

ಈಗಲೂ ಕುಲಶೇಖರದ ಕಡೆ ಹೋದರೆ ಆ ಮನೆಗೆ ಹೋಗುತ್ತೇನೆ. ಅವರಿಲ್ಲ ಎಂಬುದು ಮೆಟ್ಟಿಲು ಹತ್ತುವಾಗಲೇ ತಟ್ಟುತ್ತದೆ. ಹೆಂಡತಿ ಚಹಾ ತಂದಿಟ್ಟು, ನನಗೆ ಗೊತ್ತಿದ್ದರೂ ಪ್ರತಿ ಸಲ ಹೇಳುತ್ತಾರೆ:

"ಅವರು ಹೋದದ್ದು ಆ ಕಾಯಿಲೆಯಿಂದ ಅಲ್ಲ. ಹಿಂದಿನ ದಿನವೂ ಈಜಿ ಬಂದಿದ್ರು."